ಹುಳಿಯಮ್ಮ ಕಂಡ ಮಸಿಹಣ್ಣಿನ ಗಿಡ

ಹುಳಿಯಮ್ಮನ ಮುತ್ತಾತನನ್ನು ಎಲ್ಲರೂ ಕೆಂಬೆರಳಜ್ಜ ಎನ್ನುತ್ತಿದ್ದರು. ಕಾಲುವೆಯ ದಂಡೆಯಲ್ಲಿ ಮೊದಲ ಬಣ್ಣದ ತೊಟ್ಟಿ ಕಟ್ಟಿದವನು ಅವನೇ. ತಾನೇ ಇಟ್ಟಿಗೆ ಹೊತ್ತು, ತಾನೇ ಸುಣ್ಣ ಅರೆದು, ಸೋರಿದಾಗಲೆಲ್ಲ ಒಡೆದು ಮತ್ತೆ ಕಟ್ಟಿ, ಕೊನೆಗೆ ಹನಿ ಸೋರದ ತೊಟ್ಟಿಯೊಂದನ್ನು ನಿಲ್ಲಿಸಿದ. ನಿಲ್ಲಿಸಿದ ದಿನ ಅದರೊಳಗೆ ಇಳಿದು ಗೊರಕೆ ಹೊಡೆದು ಮಲಗಿದನಂತೆ. ಅವನ ಮಗಳು, ಎಂದರೆ ಹುಳಿಯಮ್ಮನ ಅಜ್ಜಿ, ಅಪ್ಪನಿಗಿಂತ ಒಂದು ಕೈ ಮೇಲು. ಕಾಲುವೆ ಉಕ್ಕಿ ಮನೆಯೊಳಗೆ ಮೊಣಕಾಲುದ್ದ ನೀರು ಬಂದಾಗ ಮಂಚ, ಪೆಟ್ಟಿಗೆ, ಹಾಸಿಗೆ ಒಂದನ್ನೂ ಮುಟ್ಟದೆ ಬಣ್ಣದ ಗಡಿಗೆಗಳನ್ನು ಅಟ್ಟಕ್ಕೆ ಹೊತ್ತವಳು. "ಮಂಚ ಯಾವ ಬಡಗಿ ಬೇಕಾದರೂ ಮಾಡ್ಕೊಡ್ತಾನೆ. ಈ ಹುಳಿನೀರು ಹದಕ್ಕೆ ಬರೋಕೆ ನನ್ನ ಅರ್ಧ ಆಯುಸ್ಸು ಹೋಗಿದೆ" ಎಂದು ಗಂಡನ ಬಾಯಿ ಮುಚ್ಚಿಸಿದ್ದಳು. ಹುಳಿಯಮ್ಮನ ಅಪ್ಪ ಇವರಿಬ್ಬರನ್ನೂ ಮೀರಿಸಿದವನು. ಮುಪ್ಪಿನಲ್ಲಿ ಅವನ ಕಣ್ಣು ಪೂರ್ತಿ ಮಂಜಾಯಿತು. ಕೆಂಪು ಯಾವುದು ಕಂದು ಯಾವುದು ತಿಳಿಯದಾಯಿತು. ಆದರೂ ಸಾಯುವ ತನಕ ತೊಟ್ಟಿಗಳನ್ನು ಅವನೇ ನಡೆಸಿದ. ಬರೀ ನಾಲಿಗೆಯಿಂದ.

ಈ ನಾಲಿಗೆಯ ವಿಷಯ ಮೊದಲೇ ಹೇಳಿಬಿಡಬೇಕು. ಬಣ್ಣದ ನೀರು ಎಷ್ಟು ಹುಳಿ ಇದೆ ಎಂಬುದರ ಮೇಲೆ ನೂಲಿಗೆ ಬಣ್ಣ ಹತ್ತುವುದೂ ಬಿಡುವುದೂ ನಿಂತಿದೆ. ಹುಳಿ ಕಡಿಮೆಯಾದರೆ ಬಣ್ಣ ಮಂಕು, ಹೆಚ್ಚಾದರೆ ನೂಲು ಜಾಳು. ಈಗಿನವರು ಅದಕ್ಕೊಂದು ಕಾಗದದ ಚೂರು ಅದ್ದಿ ನೋಡುತ್ತಾರೆ. ಆ ಮನೆಯವರು ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಸಿಪ್ಪೆಯ ನೀರು, ಬೇರಿನ ನೀರು, ತೊಗಟೆಯ ನೀರು, ಕರಿಹಣ್ಣಿನ ನೀರು, ಯಾವುದಾದರೂ ಸರಿ, ತುಟಿಯ ಬಾಗಿಲು ದಾಟದೆ ತೊಟ್ಟಿಗೆ ಇಳಿಯುತ್ತಿರಲಿಲ್ಲ. ಹುಳಿಯಮ್ಮನಿಗೆ ಆ ಹೆಸರು ಬಂದದ್ದೂ ಹಾಗೆಯೇ. ಪಕ್ಕದ ಓಣಿಯ ಉಪ್ಪಿನಕಾಯಿಯವಳು ಭರಣಿ ಹಿಡಿದು ಬಂದು "ಒಂಚೂರು ನೋಡಿ ಹೇಳಿ" ಎಂದರೆ, ಇವಳು ಬೆರಳ ತುದಿಯಲ್ಲಿ ಮುಟ್ಟಿ, "ಇನ್ನೆರಡು ಬಿಸಿಲು ಬೇಕು ಇದಕ್ಕೆ, ಒಯ್ದು ಇಡು" ಎಂದು ಸಾಗಹಾಕುತ್ತಿದ್ದಳು. ಹೇಳಿದ್ದು ತಪ್ಪುತ್ತಿರಲಿಲ್ಲ. ತಪ್ಪುವುದಿಲ್ಲ ಎಂಬುದು ಅವಳಿಗೂ ಚೆನ್ನಾಗಿ ಗೊತ್ತಿತ್ತು.

ಅವಳಿಗಿದ್ದದ್ದು ಒಬ್ಬನೇ ಮಗ. ನೂಲು ಹಿಂಡುವುದರಲ್ಲಿ, ಮಾಳಿಗೆಗೆ ಹೊತ್ತು ಒಣಹಾಕುವ ಹಗ್ಗಕ್ಕೆ ಹಾಕುವುದರಲ್ಲಿ ಎತ್ತಿನಂಥವನು. ನಾಲಿಗೆ ಮಾತ್ರ ಮರದ ತುಂಡು. ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಬಿದ್ದಿದ್ದರೂ ಲೋಟ ಖಾಲಿ ಮಾಡಿ, "ಇವತ್ತು ಚಹಾ ಚೆನ್ನಾಗಿತ್ತು" ಎಂದು ಎದ್ದು ಹೋಗುವವನು. ಅವನಿಗೆ ತೊಟ್ಟಿ ಒಪ್ಪಿಸುವ ಆಸೆಯನ್ನು ಹುಳಿಯಮ್ಮ ಎಂದೋ ಕೈಬಿಟ್ಟಿದ್ದಳು. ಆಸೆಯೆಲ್ಲ ಸೊಸೆಯ ಮೇಲೆ. ಸೊಸೆ ಬೀಗದ ಅಂಗಡಿಯವನ ಮಗಳು, ಬೆರಳು ಸೂಕ್ಷ್ಮ, ಮಾತು ಮೊನೆಯದು, ಕಲಿಯುವ ಹಟ ಬೇಕಾದಷ್ಟು. ಒಂದು ಸಲ ಕಂಡ ಬಣ್ಣವನ್ನು ಮರೆಯದವಳು. ಉಳಿದದ್ದು ನಾಲಿಗೆಯ ಪಾಠವೊಂದೇ. ಅದೂ ಮುಗಿದರೆ ತೊಟ್ಟಿಮನೆಯ ಬೀಗದ ಕೈ ಅವಳ ಸೊಂಟಕ್ಕೆ ಎಂದು ಹುಳಿಯಮ್ಮ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಆ ಮನೆಯಲ್ಲಿ ನೇರಳೆ ಬಣ್ಣಕ್ಕೆ ಬಳಸುತ್ತಿದ್ದದ್ದು ಕರಿಹಣ್ಣು. ಅಜ್ಜಿಯ ಕಾಲದಿಂದಲೂ ಗಾಡಿಯವನೊಬ್ಬ ಅದನ್ನು ಮುಚ್ಚಳದ ಬುಟ್ಟಿಯಲ್ಲಿ ತಂದು ಹಾಕುತ್ತಿದ್ದ. ಕಾಡಿನ ಯಾವ ಮೂಲೆಯಿಂದ ತರುತ್ತಾನೆ, ಯಾವ ಗಿಡದಿಂದ ಬಿಡಿಸುತ್ತಾನೆ ಎಂದು ಮನೆಯವರು ಕೇಳಿದವರಲ್ಲ. ಅವರಿಗೆ ಬೇಕಿದ್ದದ್ದು ಬಣ್ಣ, ಗಿಡವಲ್ಲ. ತೊಟ್ಟು ಬಿಡಿಸಿದ ಹಣ್ಣು ಬುಟ್ಟಿಯಲ್ಲಿ ಬರುತ್ತಿತ್ತು, ಒರಳಿಗೆ ಬೀಳುತ್ತಿತ್ತು. ಅಲ್ಲಿಗೆ ಮುಗಿಯಿತು. ಆ ಗಾಡಿಯವನ ಮೊಣಕಾಲು ಕೈಕೊಟ್ಟು ಅವನು ಮಗಳ ಮನೆ ಸೇರಿದ ಮೇಲೆ ಬುಟ್ಟಿ ಬರುವುದು ನಿಂತಿತು. ನೇರಳೆ ತೊಟ್ಟಿ ಒಣಗಿ ನೆಲ ಬಿರುಕು ಬಿಟ್ಟಿತು.

ಒಂದು ಬೆಳಿಗ್ಗೆ ಹುಳಿಯಮ್ಮ ಹಳೆಯ ಇಟ್ಟಿಗೆ ಗೂಡಿನ ಹಿಂದಿನಿಂದ ನಡೆದು ಬರುತ್ತಿದ್ದಳು. ಗೂಡು ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಗೋಡೆ ಕುಸಿದು, ಕಸ ಸುರಿದು, ನೆಲವೆಲ್ಲ ಹಾಳು. ಆ ಕಸದ ನಡುವೆ ಆಳೆತ್ತರದ ಗಿಡಗಳು, ಮೈತುಂಬ ಕರಿ ಮಣಿಗಳಂಥ ಹಣ್ಣು. ಒಂದನ್ನು ಹಿಸುಕಿದಳು. ಬೆರಳ ಮೇಲೆ ಹರಿದ ರಸ ಕಂಡು ಅವಳ ಎದೆ ಹಿಗ್ಗಿತು. ಅಂಥ ನೇರಳೆಯನ್ನು ಅವಳು ಗಾಡಿಯವನ ಬುಟ್ಟಿಯಲ್ಲೂ ಕಂಡಿರಲಿಲ್ಲ. ಸೆರಗಿನ ತುಂಬ ಬಿಡಿಸಿಕೊಂಡು, ಮನೆಗೆ ಬಂದು ಬಾಗಿಲಲ್ಲೇ ಕೂಗಿದಳು: "ಏಯ್ ಹುಡುಗೀ, ಒರಳು ತೊಳಿ! ಕರಿಹಣ್ಣು ಕಾಲಬುಡದಲ್ಲೇ ಇತ್ತು, ನಾವು ಕುರುಡರ ಹಾಗೆ ಕೂತಿದ್ವಿ."

ಸೊಸೆ ಒಂದು ಹಣ್ಣು ಎತ್ತಿ ಬೆಳಕಿಗೆ ಹಿಡಿದಳು. "ಅತ್ತೆ, ಮೊದಲಿನ ಹಣ್ಣು ಗುಂಡಗಿತ್ತು. ಇದರ ತಲೆ ಯಾರೋ ಅಮುಕಿದ ಹಾಗಿದೆ."

"ಬುಟ್ಟಿಯಲ್ಲಿ ಬಂದದ್ದು ಬಾಡಿ ಗುಂಡಗಾಗಿತ್ತು. ಇದು ತಾಜಾ. ಬೀಗದ ಅಂಗಡಿಯಲ್ಲಿ ಬೆಳೆದವಳು ನನಗೆ ಹಣ್ಣಿನ ಪಾಠ ಹೇಳ್ತೀಯೇನೇ?"

"ಹೇಳೋಲ್ಲಪ್ಪ. ಬೀಗ ಹಾಕ್ಕೊಂಡೆ" ಎಂದು ಸೊಸೆ ತುಟಿಗೆ ಬೆರಳಿಟ್ಟು ನಕ್ಕಳು. ಒರಳು ತೊಳೆದಳು.

ಆ ಮನೆಯ ಕ್ರಮದಂತೆ ಹಣ್ಣನ್ನು ಹಿಂಡುವುದಿಲ್ಲ, ಬೀಜ ಸಮೇತ ಅರೆಯುವುದು. ಬೀಜದ ಒಳಗೂ ಬಣ್ಣವಿದೆ ಎಂದು ಅಜ್ಜಿ ಹೇಳಿದ್ದಳಂತೆ. ಅರೆದದ್ದನ್ನು ನೀರಿಗೆ ಹಾಕಿ ಕುದಿಸಿದರೆ ಬಣ್ಣ ಕೆಟ್ಟು ಕಂದು ಬಂತು. ಹುಳಿಯಮ್ಮ ಅದನ್ನು ಚೆಲ್ಲಿ, ಎರಡನೆಯ ಸಲ ಉಗುರುಬೆಚ್ಚಗೆ ಮಾತ್ರ ಇಟ್ಟು, ಹುಳಿ ಬೆರೆಸಿದಳು. ಅದ್ದಿ ತೆಗೆದ ಮಾದರಿ ನೂಲು ಕಂಡು ಮಗ ಕೂಡ ಮಾಳಿಗೆಯಿಂದ ಇಳಿದು ಬಂದ. "ಅಮ್ಮಾ, ಇದು ಬಣ್ಣವೋ ಬೆಂಕಿಯೋ!"

ನಡುವೆ ಹುಳಿಯಮ್ಮನ ಹೊಟ್ಟೆ ಒಂದೆರಡು ಸಲ ನುಲಿಯಿತು. ರುಚಿ ನೋಡಿದ ಮೇಲೆಯೇ ನುಲಿಯಿತು. ಅದಕ್ಕೆ ಅವಳು ಹಿಂದಿನ ದಿನ ಉಳಿದಿದ್ದ ಊಟವನ್ನು ದೂರಿದಳು, ಬಿಸಿಲನ್ನು ದೂರಿದಳು, ಕೊನೆಗೆ ವಯಸ್ಸನ್ನೂ ದೂರಿದಳು. ಹಣ್ಣನ್ನು ದೂರಲಿಲ್ಲ. ಅವಳು ನೋಡುತ್ತಿದ್ದದ್ದು ನಾಲಿಗೆಯ ತುದಿಗೆ ತಾಗುವಷ್ಟು ಮಾತ್ರ. ಪಳಗಿದ ನಾಲಿಗೆಗೆ ಅಷ್ಟು ಸಾಕು.

ಕಲಿಯುವವರಿಗೆ ಸಾಲದು. ಅಜ್ಜಿಯ ಕಟ್ಟಪ್ಪಣೆ ಅದು: ಹೊಸಬರು ಚಮಚದಲ್ಲಿ ತೆಗೆದುಕೊಳ್ಳಬೇಕು, ಉಗುಳಬಾರದು, ನುಂಗಬೇಕು. ಹುಳಿಯಮ್ಮ ಸೊಸೆಯನ್ನು ತೊಟ್ಟಿಯ ಮುಂದೆ ಕೂರಿಸಿ, ಸಾಲಾಗಿ ಬಟ್ಟಲಿಟ್ಟು, ಪ್ರತಿಯೊಂದರಲ್ಲೂ ಹುಳಿಯನ್ನು ಒಂದಿಷ್ಟು ಹೆಚ್ಚುಕಡಿಮೆ ಮಾಡಿದಳು. ಪಾಠಕ್ಕೆಂದು ರಸವನ್ನೂ ಗಟ್ಟಿಯಾಗಿಯೇ ಇಟ್ಟಿದ್ದಳು.

"ಯಾವುದು ಹೆಚ್ಚು?"

"ಇದು."

"ಥೂ, ಅದಲ್ಲ. ಇನ್ನೊಂದು ಸಲ ನುಂಗು. ನಾಲಿಗೆಗೆ ಹುಳಿ ಅಂತ ಗೊತ್ತಾಗುತ್ತೆ, ಎಷ್ಟು ಹುಳಿ ಅನ್ನೋದು ಗಂಟಲಿಗೆ ಗೊತ್ತಾಗಬೇಕು."

"ಗಂಟಲು ಉರೀತಿದೆ ಅತ್ತೆ."

"ಉರೀಲಿ. ನನಗೂ ಉರಿದಿತ್ತು. ಈಗ ಹೇಳು, ಯಾವುದು?"

ಸೊಸೆ ಹಟಕ್ಕೆ ಬಿದ್ದಳು. ಬಟ್ಟಲಿನಿಂದ ಬಟ್ಟಲಿಗೆ ಹೋಗಿ, ತಪ್ಪಿ, ಮತ್ತೆ ಮೊದಲಿಂದ ಶುರುಮಾಡಿ, ಕೊನೆಗೆ ಎಲ್ಲವನ್ನೂ ಸರಿಯಾಗಿ ಜೋಡಿಸಿಟ್ಟಳು. ಹುಳಿಯಮ್ಮ ಜೀವಮಾನದಲ್ಲಿ ಯಾರನ್ನೂ ಹೊಗಳಿದವಳಲ್ಲ. ಅವತ್ತು "ಪರವಾಗಿಲ್ಲ" ಎಂದಳು. ಸೊಸೆಗೆ ಅದು ದೊಡ್ಡ ಮಾತೇ. ಬಾಯೆಲ್ಲ ನೇರಳೆ ಮಾಡಿಕೊಂಡು ನಗುತ್ತ ಎದ್ದಳು.

ಮಧ್ಯಾಹ್ನದ ಹೊತ್ತಿಗೆ ವಾಂತಿ ಶುರುವಾಯಿತು. ಆಮೇಲೆ ಹೊಟ್ಟೆ ಕಿತ್ತುಬರುವಂಥ ನೋವು, ಭೇದಿ, ಮೈಯೆಲ್ಲ ಬೆವರು. ಸಂಜೆಗೆ ಎದ್ದು ಕೂರುವ ಶಕ್ತಿಯೂ ಉಳಿಯಲಿಲ್ಲ. ಮಗ ಅವಳನ್ನು ನೂಲಿನ ಮೂಟೆಯಂತೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಹುಳಿಯಮ್ಮ ಚಪ್ಪಲಿ ಮರೆತು ಹಿಂದೆಯೇ ಓಡಿದಳು.

ಆಸ್ಪತ್ರೆಯ ಡಾಕ್ಟರಮ್ಮ ಸೊಸೆಯ ನಾಡಿ ನೋಡಿ, ತೋಳಿಗೆ ಸೂಜಿ ಚುಚ್ಚಿ ನೀರು ಏರಿಸಿ, ಬಾಯಿ ತೆರೆಸಿ ದೀಪ ಹಿಡಿದು ನೋಡಿದಳು. "ನಾಲಿಗೆ ಯಾಕೆ ಈ ಬಣ್ಣ?"

"ನಮ್ಮದು ಬಣ್ಣದ ಮನೆ" ಎಂದಳು ಹುಳಿಯಮ್ಮ.

"ಯಾವುದರ ಬಣ್ಣ ಇದು?"

"ಕರಿಹಣ್ಣಿಂದು. ನಮ್ಮ ಅಜ್ಜಿ ಕಾಲದಿಂದ ಇರೋದೇ."

"ಕುಡಿದಳಾ?"

ಮಗ ಅಮ್ಮನ ಮುಖ ನೋಡಿದ. ಅವನು ಮಾಳಿಗೆಯ ಮೇಲಿದ್ದವನು, ಪಾಠ ಕಂಡಿರಲಿಲ್ಲ. ಹುಳಿಯಮ್ಮ ಮುಖ ತಿರುಗಿಸಿದಳು. ಹೌದು ಎಂದರೆ ಕೆಂಬೆರಳಜ್ಜನಿಂದ ತನ್ನ ತನಕ ಬಂದ ನಾಲಿಗೆಯೇ ವಿಷ ಉಣಿಸಿತು ಎಂದಂತೆ. ಅವಳು ಗೋಡೆ ನೋಡುತ್ತ ಹೇಳಿದಳು: "ಕುಡಿಯೋಕೆ ಅದೇನು ಪಾನಕವೇ? ಬಣ್ಣದ ಕೈಯಲ್ಲಿ ಬಾಯಿ ಒರೆಸಿಕೊಂಡಿರಬೇಕು."

ಡಾಕ್ಟರಮ್ಮ ಸೊಸೆಯ ನಾಡಿಯನ್ನು ಮತ್ತೊಮ್ಮೆ ಹಿಡಿದು ನೋಡಿದಳು. "ಕರೀ ಬಣ್ಣದ ಹಣ್ಣುಗಳು ಎಷ್ಟೋ ಥರ ಇರ್ತವೆ, ಎಲ್ಲ ನನಗೂ ಗೊತ್ತಿಲ್ಲ. ಎದೆಬಡಿತ ನನಗೆ ಸರಿ ಕಾಣ್ತಿಲ್ಲ. ಏನು ಅಂತ ಗೊತ್ತಾದರೆ ಯಾವುದರ ಮೇಲೆ ಕಣ್ಣಿಡಬೇಕು ಅಂತ ಗೊತ್ತಾಗುತ್ತೆ. ಆ ಗಿಡ ತನ್ನಿ. ಬರೀ ಹಣ್ಣಲ್ಲ, ಎಲೆ ಕಾಂಡ ಸಮೇತ. ಈಗಲೇ ಹೋಗಿ."

ಹುಳಿಯಮ್ಮ ಬರಿಗಾಲಲ್ಲೇ ಇಟ್ಟಿಗೆ ಗೂಡಿಗೆ ಹೋದಳು. ಇನ್ನೂ ಬೆಳಕಿತ್ತು. ಹಣ್ಣು ಬಿಡಿಸಲು ಬಂದಿದ್ದಾಗ ಅವಳು ನೋಡಿದ್ದು ಹಣ್ಣನ್ನು ಮಾತ್ರ. ಈಗ ಮೊದಲ ಸಲ ಗಿಡ ನೋಡಿದಳು. ಕಾಂಡ ಕಟ್ಟಿಗೆಯಲ್ಲ, ಮೆದು, ರಸ ತುಂಬಿ ಬಿರಿಯುವಂತಿದೆ. ಅದರ ಬಣ್ಣವಾದರೂ ಎಂಥದ್ದು! ಕೆಳಗಿಂದ ಮೇಲಿನ ತನಕ ನೇರಳೆಗೆಂಪು, ಯಾರೋ ತೊಟ್ಟಿಯಲ್ಲಿ ಅದ್ದಿ ನಿಲ್ಲಿಸಿದ ಹಾಗೆ. ಎಲೆ ಅಂಗೈಗಿಂತ ದೊಡ್ಡದು, ನುಣುಪು. ಹಣ್ಣು ಉದ್ದನೆಯ ಜಡೆಯಂತೆ ಕೆಳಗೆ ಜೋತುಬಿದ್ದಿತ್ತು. ಜಡೆಯ ಬುಡದಲ್ಲಿ ಕರಿಹಣ್ಣು, ನಡುವೆ ಹಸಿರು ಕಾಯಿ, ತುದಿಯಲ್ಲಿ ಇನ್ನೂ ಬಿಳಿ ಹೂವು. ಒಂದು ಕೊಂಬೆ ಮುರಿದುಕೊಂಡು, ಗೂಡಿನ ಎದುರಿನ ರಸ್ತೆಬದಿಯಲ್ಲಿ ಕುಂಡಗಳನ್ನು ಜೋಡಿಸಿಟ್ಟು ಸಸಿ ಮಾರುವವನ ಮುಂದೆ ಹಿಡಿದಳು.

"ಇದು ಕರಿಹಣ್ಣು ತಾನೇ?"

ಸಸಿಯವನು ಕೈಯಲ್ಲಿದ್ದ ನೀರಿನ ಕೊಡ ಕೆಳಗಿಟ್ಟ. "ಹಣ್ಣು ಕರಿ ಅನ್ನೋದು ನಿಜ. ಕರಿಹಣ್ಣು ಅಲ್ಲ. ಇದನ್ನ ನಾವು ಮಸಿಹಣ್ಣು ಅಂತೀವಿ. ಯಾಕಮ್ಮ, ಯಾರಾದರೂ ತಿಂದರಾ?"

"ನೀನು ಗಿಡದ ವಿಷಯ ಹೇಳು."

"ಹೇಳ್ತೀನಿ. ನೀವಂದ ಕರಿಹಣ್ಣು ಕಟ್ಟಿಗೆ ಪೊದೆ, ತೊಗಟೆ ಬೂದಿ ಬಣ್ಣ, ಹಣ್ಣು ಗುಂಡಗೆ. ಇದರ ದಂಟು ನೋಡಿ, ಕೆಂಪು. ಹಣ್ಣಿನ ನೆತ್ತಿ ಚಪ್ಪಟೆ, ಸುತ್ತ ಸಣ್ಣ ಸಣ್ಣ ಗೆರೆ, ತೊಳೆ ತೊಳೆ ಕೂಡಿಸಿದ ಹಾಗೆ. ಇಷ್ಟು ನೋಡಿದರೆ ಕತ್ತಲಲ್ಲೂ ತಪ್ಪೋಲ್ಲ. ನಿಮ್ಮ ಹಳೇ ಹಣ್ಣಿನ ಗಿಡ ನೀವು ಕಂಡಿದ್ದೀರಾ?"

"ಬುಟ್ಟಿ ಕಂಡಿದ್ದೀನಿ" ಎಂದಳು ಹುಳಿಯಮ್ಮ. ಒಂದು ಗಳಿಗೆ ಬಿಟ್ಟು, "ಹಕ್ಕಿಗಳು ಮುಕ್ಕುತ್ತಿದ್ದವಲ್ಲ ಇದನ್ನ! ನಾನೇ ನೋಡಿದ್ದೀನಿ" ಎಂದು ಜಗಳಕ್ಕೆ ನಿಂತವಳಂತೆ ಕೇಳಿದಳು.

"ಹಕ್ಕಿ ಹೊಟ್ಟೆಯೇ ಬೇರೆ ಅಮ್ಮ. ಅದಕ್ಕೆ ಹಲ್ಲೂ ಇಲ್ಲ. ನುಂಗುತ್ತೆ, ಬೀಜ ಇದ್ದ ಹಾಗೇ ಇನ್ನೊಂದು ಕಡೆ ಹಾಕುತ್ತೆ. ಈ ಗೂಡಿನ ಹಿಂದೆ ಇದು ಬೆಳೆದದ್ದೂ ಹಾಗೇ. ನಂಜು ಬೇರಲ್ಲಿ ಎಲ್ಲಕ್ಕಿಂತ ಜಾಸ್ತಿ, ಆಮೇಲೆ ದಂಟು ಎಲೆ ಕಾಯಿ, ಹಣ್ಣಿನ ತಿರುಳಲ್ಲಿ ಕಡಿಮೆ. ಆದರೆ ಬೀಜ ಜಗಿದರೆ, ಅರೆದರೆ..." ಅವನು ಅಲ್ಲಿಗೆ ನಿಲ್ಲಿಸಿದ. ಹುಳಿಯಮ್ಮನ ಮುಖದಲ್ಲಿ ರಕ್ತವಿರಲಿಲ್ಲ. "ನಾನೂ ಕಲಿತು ಹುಟ್ಟಿದವನಲ್ಲಮ್ಮ. ಚಂದ ಕಾಣುತ್ತೆ ಅಂತ ಇದನ್ನೇ ಕುಂಡಕ್ಕೆ ಹಾಕಿ ಮಾರಿದ್ದೆ. ತಗೊಂಡವರ ಮೇಕೆ ಬುಡದ ತನಕ ಮೇಯ್ದು ಮಾರನೇ ದಿನ ಸತ್ತುಬಿತ್ತು. ಅವರ ಬಾಯಲ್ಲಿ ಬಂದ ಬೈಗುಳ ಎಲ್ಲಾ ತಿಂದ ಮೇಲೆ ಕಲಿತದ್ದು."

ಅವಳು ಕೊಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಆಸ್ಪತ್ರೆಯ ಮೆಟ್ಟಿಲಲ್ಲಿ ಮಗ ಕೂತಿದ್ದ. ಅವನನ್ನೂ ಒಳಗೆ ಕರೆದುಕೊಂಡು ಹೋಗಿ, ಡಾಕ್ಟರಮ್ಮನ ಮೇಜಿನ ಮೇಲೆ ಕೊಂಬೆ ಇಟ್ಟಳು.

"ಮಸಿಹಣ್ಣಂತೆ. ಒರಳಲ್ಲಿ ಬೀಜ ಸಮೇತ ಅರೆದದ್ದು. ಕುದಿಸಿಲ್ಲ. ಇವಳು ಬಾಯಿ ಒರೆಸಿಕೊಂಡಿಲ್ಲ. ಚಮಚದ ಮೇಲೆ ಚಮಚ ನುಂಗಿದಳು. ನುಂಗು ಅಂದವಳು ನಾನು. ಉಗುಳೋಕೂ ಬಿಡಲಿಲ್ಲ. ಎಲ್ಲಾ ಸೇರಿಸಿದರೆ ಒಂದು ಲೋಟದ ಹತ್ತಿರ ಆಗಬಹುದು."

ಮಗ ಅಮ್ಮನ ಪಕ್ಕ ಬಿಟ್ಟು ಹೆಂಡತಿಯ ಮಂಚದ ಕಡೆ ಸರಿದ. ಡಾಕ್ಟರಮ್ಮ ಕೊಂಬೆಯನ್ನು ತಿರುಗಿಸಿ ನೋಡಿದಳು, ಇನ್ನೊಬ್ಬ ಡಾಕ್ಟರಿಗೆ ಫೋನ್ ಮಾಡಿ ಗಿಡದ ಗುರುತು ಹೇಳಿದಳು, ನರ್ಸನ್ನು ಕರೆದು ಎದೆಬಡಿತ ತೋರಿಸುವ ಯಂತ್ರವನ್ನು ಸೊಸೆಯ ಮಂಚಕ್ಕೆ ಜೋಡಿಸಲು ಹೇಳಿದಳು. ಆಮೇಲೆ ಹುಳಿಯಮ್ಮನ ಕಡೆ ತಿರುಗಿ, "ಇದಕ್ಕೇ ಅಂತ ಔಷಧಿ ಇಲ್ಲ. ಮೈಯಲ್ಲಿ ನೀರು ಕಡಿಮೆಯಾಗದ ಹಾಗೆ ನೋಡ್ಕೋಬೇಕು, ಕಾಯ್ಬೇಕು. ಮೊದಲೇ ಹೇಳಿದ್ದರೆ ಚೆನ್ನಾಗಿತ್ತು" ಎಂದಳು. ಬೈಯಲಿಲ್ಲ. ಬೈದಿದ್ದರೆ ಹುಳಿಯಮ್ಮನಿಗೆ ಹಗುರವಾಗುತ್ತಿತ್ತು.

ಸೊಸೆ ಬದುಕಿದಳು. ವಾಂತಿ ನಿಂತು, ಎದೆಬಡಿತ ಹದಕ್ಕೆ ಬಂದು, ಗಂಜಿ ಕುಡಿಯುವಂತಾಗಿ, ಮನೆಗೂ ಬಂದಳು. ಬಂದವಳು ತೊಟ್ಟಿಮನೆಯ ಕಡೆ ತಲೆ ಹಾಕಲಿಲ್ಲ. ಮಗ ಅಮ್ಮನೊಂದಿಗೆ ಮಾತು ಬಿಟ್ಟಿದ್ದ. ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದ. "ನೂಲು ಒಣಗಿದೆ" ಎಂದು ಗೋಡೆಗೆ. "ಊಟಕ್ಕೆ ಬರೋಲ್ಲ" ಎಂದು ಗೋಡೆಗೆ.

ಮಗ ಬೆಂಕಿ ಎಂದಿದ್ದ ಆ ನೇರಳೆ ಮಾದರಿ ನೂಲು ಮಾಳಿಗೆಯ ಹಗ್ಗದಲ್ಲೇ ಉಳಿದುಬಿಟ್ಟಿತ್ತು. ಹುಳಿಯಮ್ಮ ಹೋಗಿ ನೋಡಿದರೆ ಬಿಸಿಲು ಬಿದ್ದ ಮಗ್ಗುಲು ಪೂರ್ತಿ ಸಪ್ಪೆ, ಒಗೆದು ಒಗೆದು ಸವೆದ ಅಂಗಿಯ ಹಾಗೆ. ಬಿಸಿಲಿಗೆ ನಿಲ್ಲದ ಬಣ್ಣ. ಯಾವ ಚಂದಕ್ಕೆ ಇಷ್ಟೆಲ್ಲ ಆಯಿತೋ ಅದು ಬೆಳಕಿಗೂ ಬಾಳಲಿಲ್ಲ. ಅವಳು ನೂಲನ್ನು ಒಲೆಗೆ ಹಾಕಿದಳು, ತೊಟ್ಟಿಯ ನೀರನ್ನು ಕಾಲುವೆಗೆ ಬಿಡದೆ ಹಿತ್ತಲಲ್ಲಿ ಗುಂಡಿ ತೋಡಿ ಸುರಿದು ಮುಚ್ಚಿದಳು, ಒರಳನ್ನು ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದು, ಕೊನೆಗೆ ಮನಸ್ಸು ಒಪ್ಪದೆ ಅದನ್ನೂ ಬೋರಲು ಹಾಕಿ ನೆಲದಲ್ಲಿ ಹೂತಳು.

ಆಮೇಲೆ ಸೊಸೆಯ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂತಳು.

"ಏನು ಮಾಡಬೇಕು ಅಂತ ಇದ್ದೀಯ?"

ಸೊಸೆ ಹೊದಿಕೆ ಸರಿಸಿ ಎದ್ದು ಕೂತಳು. "ಅಪ್ಪ ಕರೀತಿದ್ದಾರೆ. ಬೀಗದ ಅಂಗಡೀಲಿ ಕೂತ್ಕೋ ಅಂತ."

"ಹೋಗ್ತೀಯಾ?"

"ಬಣ್ಣ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಆದರೆ ಇನ್ನು ಮುಂದೆ ನನ್ನ ಬಾಯಿಗೆ ಏನೂ ಹೋಗೋಲ್ಲ ಅತ್ತೆ. ಸಿಪ್ಪೆ ನೀರೂ ಇಲ್ಲ, ತೊಗಟೆ ನೀರೂ ಇಲ್ಲ. ಕಾಗದ ಅದ್ದಿ ನೋಡ್ತೀನಿ. ಮತ್ತೆ ಯಾವುದೇ ಬೇರು, ಹಣ್ಣು, ಎಲೆ ಒಳಗೆ ಬರೋದಿದ್ದರೂ ಅದರ ಗಿಡವನ್ನ ನಾನು ಬೇರಿನ ತನಕ ಕಣ್ಣಲ್ಲಿ ನೋಡಿರಬೇಕು. ಒಪ್ಪಿಗೆ ಇದ್ದರೆ ಇರ್ತೀನಿ."

ಕಾಗದ! ಹುಳಿಯಮ್ಮನ ಅಪ್ಪ ಕಣ್ಣಿಲ್ಲದೆ ನಡೆಸಿದ ತೊಟ್ಟಿಗೆ ಕಾಗದ! ನಾಲಿಗೆಯ ತುದಿಗೆ ಏನೇನೋ ಬಂತು. ಎದುರಿಗೆ ಸೂಜಿ ಚುಚ್ಚಿ ನೀಲಿಗಟ್ಟಿದ ತೋಳು ಕಂಡಿತು. ಬಂದದ್ದನ್ನೆಲ್ಲ ನುಂಗಿಕೊಂಡಳು.

"ತೊಟ್ಟಿ ನಿನ್ನದು. ಕಾಗದ ಅದ್ದುತ್ತೀಯೋ ಬಟ್ಟೆ ಅದ್ದುತ್ತೀಯೋ ನಿನ್ನಿಷ್ಟ" ಎಂದು ಬೀಗದ ಕೈಯನ್ನು ಹಾಸಿಗೆಯ ಮೇಲಿಟ್ಟು ಎದ್ದಳು. ಹಿತ್ತಲ ಕೊಟ್ಟಿಗೆಯಿಂದ ಗುದ್ದಲಿ, ಹಾರೆ, ಹಳೆಯ ಗೋಣಿಚೀಲ ತೆಗೆದುಕೊಂಡು, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಇಟ್ಟಿಗೆ ಗೂಡಿನ ಕಡೆ ಹೊರಟಳು.

ಆ ಗಿಡ ಮೇಲೆ ಕಂಡಷ್ಟೇ ಅಲ್ಲ. ದಂಟು ಕಡಿದರೆ ಬೇರಿನಿಂದ ಮತ್ತೆ ಚಿಗುರುತ್ತದೆ. ಬೇರು ತೊಡೆಗಾತ್ರ, ನೆಲದೊಳಗೆ ಕವಲೊಡೆದು ಇಳಿದಿರುತ್ತದೆ. ಬುಡ ಉಳಿದರೆ ಗಿಡ ಉಳಿದ ಹಾಗೆಯೇ. ಹುಳಿಯಮ್ಮ ಮೊದಲು ಹಣ್ಣಿನ ಜಡೆಗಳನ್ನೆಲ್ಲ ಉದುರಿಸದೆ ಕತ್ತರಿಸಿ ಗೋಣಿಗೆ ತುಂಬಿದಳು. ಆಮೇಲೆ ಸುತ್ತ ಅಗೆಯತೊಡಗಿದಳು. ಇಟ್ಟಿಗೆ ಚೂರು ಬೆರೆತ ನೆಲ, ಗುದ್ದಲಿಯಿಂದ ಕಿಡಿ ಹಾರುತ್ತಿತ್ತು. ಒಂದು ಬೇರು ಮೇಲೆ ಬರುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋದಂತಾಯಿತು. ಗಿಡಗಳಂತೂ ಗೋಡೆಯುದ್ದಕ್ಕೂ ಇದ್ದವು.

ರಸ್ತೆ ದಾಟಿ ಸಸಿಯವನು ಹಾರೆ ಹಿಡಿದು ಬಂದ. "ಬಿಡಿ ಅಮ್ಮ, ನನಗೆ ಇದು ದಿನದ ಕೆಲಸ" ಎಂದ. ಅವಳು ತಲೆಯೆತ್ತದೆ ಕೈಯಾಡಿಸಿ ಅವನನ್ನು ಕಳಿಸಿದಳು. ಬಿಸಿಲು ಏರುವ ಹೊತ್ತಿಗೆ ಮಗ ಬಂದ, ಹಿಂದೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಸೊಸೆಯೂ ಬಂದಳು. ಬೀಗದ ಕೈ ಅವಳ ಸೊಂಟದಲ್ಲಿತ್ತು. ಗುಂಡಿಯೊಳಗೆ ಮೊಣಕಾಲೂರಿ ಬೇರು ಎಳೆಯುತ್ತಿದ್ದ ಅಮ್ಮನನ್ನು ಕಂಡು, ಮಗ ಈ ಸಲ ಗೋಡೆಗೆ ಹೇಳದೆ ಅವಳಿಗೇ ಹೇಳಿದ: "ಅಮ್ಮ, ಸಾಕು, ಮೇಲೆ ಬಾ. ಗುದ್ದಲಿ ಇಲ್ಲಿ ಕೊಡು."

ಸೊಸೆ ಕೈ ಚಾಚಿದಳು. "ನಾವಿಬ್ಬರೂ ಇದ್ದೀವಿ ಅತ್ತೆ. ಒಬ್ಬರೇ ಎಷ್ಟು ಅಂತ ಅಗೀತೀರಾ? ಕೊಡಿ ಇಲ್ಲಿ."

ಹುಳಿಯಮ್ಮ ಮೊಣಕೈಯಿಂದ ಬೆವರು ಒರೆಸಿಕೊಂಡಳು. ಗುದ್ದಲಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಕೈ ಹಿಂದೆ ತಗೋ, ಮುಟ್ಟಬೇಡ. ನೀನೂ ಅಷ್ಟೇ ಕಣೋ, ದೂರ ನಿಲ್ಲು. ನುಂಗು ಅಂದವಳು ನಾನು, ಅಗೆಯೋಳೂ ನಾನೇ. ಇವತ್ತು ಮುಗೀಲಿಲ್ಲ ಅಂದರೆ ನಾಳೆ ಬರ್ತೀನಿ, ನಾಳೆ ಆಗಲಿಲ್ಲ ಅಂದರೆ ನಾಡಿದ್ದು. ನಿಮಗೆ ತೊಟ್ಟಿ ಕೆಲಸ ಇಲ್ಲವಾ? ಹೋಗಿ, ಮನೆಗೆ ಹೋಗಿ."